ಉಳಿಸಿದ ಜಾಗದಲ್ಲಿ ಏನಿಟ್ಟರು? ಪಿಯಾಜೆ ವಾಚುಗಳ ಸುತ್ತ ಒಂದು ಹರಟೆ

ಮೂರು ಎಟಿಎಂ ಕಾರ್ಡುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಕೊಂಡು ಬಂದಿದ್ದೇನೆ. ಮುಂದಿನ ಸಾಲಿನಿಂದ ಶುರು ಮಾಡಿ, ಒಬ್ಬರಾದ ಮೇಲೆ ಒಬ್ಬರು ಕೈಗೆ ತೆಗೆದುಕೊಂಡು ನೋಡಿ. ಎರಡು ಬೆರಳ ನಡುವೆ ಹಿಡಿದು ದಪ್ಪ ನೋಡಿ. ಒಂದು ಕಾರ್ಡಿನ ದಪ್ಪ 0.76 ಮಿ.ಮೀ. ಮೂರೂ ಸೇರಿದರೆ 2.28. ಸ್ವಿಟ್ಜರ್ಲೆಂಡಿನ ಪಿಯಾಜೆ ಕಂಪನಿಯವರ ಆಲ್ಟಿಪ್ಲಾನೊ ಅಲ್ಟಿಮೇಟ್ ಕಾನ್ಸೆಪ್ಟ್ ಎಂಬ ವಾಚು ಇದಕ್ಕಿಂತ ತೆಳು. ಮೇಲಿನ ಗಾಜು, ಮುಳ್ಳು, ಚಕ್ರ, ಸ್ಪ್ರಿಂಗು, ಹಿಂದಿನ ಮುಚ್ಚಳ, ಎಲ್ಲ ಸೇರಿ 2 ಮಿ.ಮೀ. ಅದರಲ್ಲಿ ಸೆಲ್ಲಿಲ್ಲ. ಕೀ ಕೊಟ್ಟು ನಡೆಸುವ ವಾಚು.

ಕಾರ್ಡು ಕೈ ಬದಲಾಯಿಸುತ್ತಿರಲಿ, ನಾನು ಮಾತಾಡುತ್ತೇನೆ.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ಕೆಲಸ ಮಾಡಿದವನು. ಕೈಯಲ್ಲಿ ಯಾವಾಗಲೂ ಮೈಕ್ರೋಮೀಟರ್. ವಾಚಿನ ಹುಚ್ಚು ಹಿಡಿದಿದ್ದೂ ಅದರಿಂದಲೇ. ಬೇರೆಯವರು ವಾಚಿನ ಡಯಲ್ ನೋಡುತ್ತಾರೆ, ನಾನು ಪಕ್ಕಕ್ಕೆ ತಿರುಗಿಸಿ ದಪ್ಪ ನೋಡುತ್ತೇನೆ. ಹಾಗಾಗಿ ವಾಚು ಪ್ರಿಯರ ಜಗಳಗಳಲ್ಲಿ ನನಗೆ ಅತಿ ಇಷ್ಟವಾದ ಜಗಳ ಪಿಯಾಜೆಯದ್ದು. ಈ ಕಂಪನಿಗೆ ಎರಡು ಮುಖ. ಒಂದು ಆಲ್ಟಿಪ್ಲಾನೊ, ಅಂದರೆ ಅತಿ ತೆಳು ವಾಚು. ಇನ್ನೊಂದು ಪೋಲೋ, ಅಂದರೆ ಸ್ಪೋರ್ಟ್ಸ್ ವಾಚು. ಮೊದಲನೆಯದನ್ನು ಎಲ್ಲರೂ ಹೊಗಳುತ್ತಾರೆ, ಆದರೆ ಕಟ್ಟಿಕೊಳ್ಳುವವರು ಕಡಿಮೆ. ಎರಡನೆಯದನ್ನು ಅನೇಕರು ಬೈಯುತ್ತಾರೆ, ಆದರೆ ಕೈಗೆ ಸಿಕ್ಕರೆ ಬಿಚ್ಚಿಕೊಡಲು ಒಲ್ಲೆ ಅನ್ನುತ್ತಾರೆ. ಎರಡೂ ಕಡೆಯ ಮಾತು ಕೇಳಿ ಕೇಳಿ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಉಳಿದಿದೆ. ತೆಳ್ಳಗೆ ಮಾಡಿ ಜಾಗ ಉಳಿಸಿದರು, ಸರಿ. ಉಳಿಸಿದ ಜಾಗದಲ್ಲಿ ಏನಿಟ್ಟರು?

ಮೊದಲು ಆ 2 ಮಿ.ಮೀ. ಹೇಗೆ ಸಾಧ್ಯವಾಯಿತು ಅಂತ ನೋಡೋಣ. ಮಾಮೂಲಿ ವಾಚು ನಮ್ಮ ಬೆಂಗಳೂರಿನ ಟ್ವೆಂಟಿ ಥರ್ಟಿ ಸೈಟಿನ ಮನೆ ಇದ್ದ ಹಾಗೆ. ಜಾಗ ಸಣ್ಣದು, ಅದಕ್ಕೆ ಮಹಡಿ ಮೇಲೆ ಮಹಡಿ. ಕೆಳಗೆ ಹಿಂದಿನ ಮುಚ್ಚಳ, ಅದರ ಮೇಲೆ ತಳದ ತಟ್ಟೆ, ಅದರ ಮೇಲೆ ಚಕ್ರಗಳು, ಚಕ್ರಗಳನ್ನು ಮೇಲಿಂದ ಹಿಡಿಯಲು ಬ್ರಿಜ್ ಅನ್ನುವ ಪಟ್ಟಿಗಳು, ಆಮೇಲೆ ಡಯಲ್, ಮುಳ್ಳು, ಗಾಜು. ಪಿಯಾಜೆಯವರು ಇದನ್ನು ಹಳ್ಳಿ ಮನೆ ಮಾಡಿದರು. ಎಲ್ಲವೂ ಒಂದೇ ಅಂತಸ್ತಿನಲ್ಲಿ, ಅಕ್ಕಪಕ್ಕ. ಹಿಂದಿನ ಮುಚ್ಚಳವೇ ತಳದ ತಟ್ಟೆ. ನೆಲವನ್ನೇ ಮಂಚ ಮಾಡಿಕೊಂಡ ಹಾಗೆ. 2014ರ 900ಪಿ ಎಂಬ ವಾಚಿನಲ್ಲಿ ಈ ಉಪಾಯ ಮಾಡಿ ಪೂರ್ತಿ ವಾಚನ್ನು 3.65 ಮಿ.ಮೀ.ಗೆ ಇಳಿಸಿದ್ದರು. ನಾಲ್ಕು ವರ್ಷದ ಮೇಲೆ 2ಕ್ಕೆ ಬಂದರು.

ಹಳ್ಳಿ ಮನೆ ಕಟ್ಟಲು ದೊಡ್ಡ ಸೈಟು ಬೇಕಲ್ವಾ? ಅದಕ್ಕೇ ಆ ವಾಚಿನ ಅಗಲ 41 ಮಿ.ಮೀ. ತೆಳು ವಾಚು ಅಂದರೆ ಪುಟ್ಟ ವಾಚು ಅಂದುಕೊಂಡವರಿಗೆ ಇದು ಮೊದಲ ನಿರಾಸೆ. ಗಂಟೆ ತೋರಿಸುವ ಡಯಲ್ ಮಾತ್ರ ಒಂದು ಮೂಲೆಯಲ್ಲಿ ಚಿಕ್ಕದಾಗಿ ಕೂತಿರುತ್ತದೆ. ಉಳಿದ ಕಡೆಯೆಲ್ಲ ಚಕ್ರಗಳದ್ದೇ ಸಂಸಾರ.

ಸಾಮಾನ್ಯ ವಾಚಿನಲ್ಲಿ ಒಂದು ಚಕ್ರದ ದಪ್ಪ 0.20 ಮಿ.ಮೀ. ಇರುತ್ತದೆ. ಇದರಲ್ಲಿ ಕೆಲವು ಚಕ್ರ 0.12. ನಮ್ಮ ಟೂಲ್ ರೂಮಿನಲ್ಲಿ ಆ ದಪ್ಪದ ತಗಡಿಗೆ ಶಿಮ್ ಅನ್ನುತ್ತೇವೆ. ಎರಡು ಭಾಗಗಳ ನಡುವೆ ಸಂದು ಉಳಿದರೆ ತುಂಬಲು ಕತ್ತರಿಯಲ್ಲಿ ಕತ್ತರಿಸಿ ಇಡುವ ಹಾಳೆ ಅದು. ಹುಷಾರಾಗಿಲ್ಲದಿದ್ದರೆ ಬೆರಳು ಕುಯ್ಯುತ್ತದೆ. ಅಂಥ ಹಾಳೆಯಲ್ಲಿ ಹಲ್ಲು ಕೊರೆದು, ಅದು ಓಲಾಡದಂತೆ ಕೂರಿಸಿ, ವರ್ಷಗಟ್ಟಲೆ ತಿರುಗುವ ಹಾಗೆ ಮಾಡುವುದು ಏನು ಅಂತ ನನ್ನಂಥವನಿಗೆ ಗೊತ್ತು. ಮೇಲಿನ ಗಾಜು 0.2 ಮಿ.ಮೀ. ಕೀ ಕೊಡುವ ಗುಂಡಗಿನ ಕ್ರೌನಿಗೆ ಆ ದಪ್ಪದಲ್ಲಿ ಜಾಗವೇ ಇಲ್ಲ. ಅದನ್ನೂ ಚಪ್ಪಟೆ ಮಾಡಿ ಕೇಸಿನ ಒಳಗೇ ಅಡಗಿಸಿದ್ದಾರೆ.

ಚಿನ್ನದಲ್ಲಿ ಇದನ್ನು ಮಾಡಲು ಆಗಲಿಲ್ಲ. ಇಷ್ಟು ತೆಳುವಾದರೆ ಚಿನ್ನ ಬಾಗುತ್ತದೆ. ಬೆಲ್ಟು ಬಿಗಿ ಮಾಡಿದರೆ ಸಾಕು, ಕೇಸು ಬಿಲ್ಲಿನ ಹಾಗೆ ಆಗಿ ಚಕ್ರಗಳು ನಿಲ್ಲುತ್ತವೆ. ಅದಕ್ಕೆ ಕೋಬಾಲ್ಟ್ ಬೆರೆತ ಗಟ್ಟಿ ಮಿಶ್ರಲೋಹ ಬಳಸಿದರು. 1957ರಲ್ಲಿ ಇನ್ನು ಮೇಲೆ ಚಿನ್ನ, ಪ್ಲಾಟಿನಂ ಬಿಟ್ಟು ಬೇರೇನೂ ಬಳಸುವುದಿಲ್ಲ ಅಂತ ತೀರ್ಮಾನ ಮಾಡಿದ್ದ ಮನೆತನ ಇದು. ತೆಳುತನದ ಹಟಕ್ಕೆ ಚಿನ್ನವನ್ನೇ ಬಿಡಬೇಕಾಯಿತು ನೋಡಿ.

ಗಾಜಿನ ವಿಷಯಕ್ಕೆ ನನ್ನದೇ ಒಂದು ಕತೆ ಇದೆ. ನಮ್ಮಪ್ಪನ ಹತ್ತಿರ ಒಂದು ತೆಳು ಕೀ ವಾಚಿತ್ತು. ಕಂಪನಿ ಯಾವುದು ಅನ್ನುವುದು ಬೇಡ, ತಪ್ಪು ಕಂಪನಿಯದ್ದಲ್ಲ. ಗಾಜು ಗೀಚಿಹೋಗಿದೆ ಅಂತ ಅಪ್ಪ ರಿಪೇರಿಗೆ ಕೊಟ್ಟರು. ಹೊಸ ಗಾಜು ಬಂತು, ಫಳಫಳ ಅನ್ನುತ್ತಿತ್ತು. ಎರಡು ದಿನಕ್ಕೆ ವಾಚು ಹತ್ತು ನಿಮಿಷ ಹಿಂದೆ. ನಾಲ್ಕನೇ ದಿನ ಅರ್ಧ ಗಂಟೆ. ಮತ್ತೆ ಒಯ್ದರೆ ಎಣ್ಣೆ ಹಾಕಿ ಕೊಟ್ಟರು. ಮತ್ತೆ ಅದೇ ರಾಗ. ಒಂದು ಭಾನುವಾರ ನಾನು ಸುಮ್ನೆ ಕೂತು ಗಾಜಿನ ಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ಒತ್ತಿದೆ. ಸೆಕೆಂಡ್ ಮುಳ್ಳು ನಿಂತಿತು. ಬೆರಳು ತೆಗೆದೆ, ಓಡಿತು. ಮತ್ತೆ ಒತ್ತಿದೆ, ನಿಂತಿತು. ರಿಪೇರಿಯವರು ಹಾಕಿದ್ದ ಗಾಜು ಹಳೆಯದಕ್ಕಿಂತ ಕೂದಲೆಳೆಯಷ್ಟು ತಗ್ಗು. ಅಪ್ಪ ಸ್ಕೂಟರ್ ಹಿಡಿದಾಗ ತುಂಬುತೋಳಿನ ಅಂಗಿಯ ಪಟ್ಟಿ ಬಿಗಿಯಾಗಿ ಗಾಜು ಒತ್ತುತ್ತಿತ್ತು, ಮುಳ್ಳು ಉಜ್ಜುತ್ತಿತ್ತು. ಅಂದರೆ ಆ ವಾಚು ಮನೆಯಲ್ಲಿ ಸರಿಯಾಗಿ ನಡೆಯುತ್ತಿತ್ತು, ದಾರಿಯಲ್ಲಿ ಮಾತ್ರ ನಿಲ್ಲುತ್ತಿತ್ತು. ಆಫೀಸಿನವರು ಅದನ್ನು ನಂಬಲಿಲ್ಲ ಅನ್ನುವುದು ಬೇರೆ ಮಾತು.

ಈ ತೊಂದರೆ ಪಿಯಾಜೆಗೂ ಬರಬೇಕಿತ್ತು. 900ಪಿಯಲ್ಲಿ ಅವರು ಏನು ಮಾಡಿದರು ಗೊತ್ತಾ? ಮುಳ್ಳುಗಳನ್ನು ಬ್ಯಾಲೆನ್ಸ್ ಚಕ್ರದ, ಅಂದರೆ ಅತ್ತಿತ್ತ ಆಡುತ್ತ ವಾಚಿನ ವೇಗ ಹಿಡಿದಿಡುವ ಚಕ್ರದ, ಬ್ರಿಜ್‌ಗಿಂತ ಕೆಳಗೆ ಕೂರಿಸಿದರು. ಗಾಜು ಒತ್ತಿ ಬಾಗಿದರೂ ಮೊದಲು ತಗಲುವುದು ಬ್ರಿಜ್‌ಗೆ. ಮುಳ್ಳಿಗೆ ಏಟು ಬೀಳುವುದಿಲ್ಲ. ದಾಖಲೆಗಿಂತ ಇದು ದೊಡ್ಡ ಬುದ್ಧಿವಂತಿಕೆ ಅಂತ ನನಗೆ ಅನಿಸುತ್ತದೆ. ಅಪ್ಪ ಇದ್ದಿದ್ದರೆ ಅವರಿಗೆ ಹೇಳುತ್ತಿದ್ದೆ.

ಈಗ ಜನ ಏನಂದರು ಅನ್ನುವುದಕ್ಕೆ ಬರೋಣ. 2018ರಲ್ಲಿ ಈ 2 ಮಿ.ಮೀ. ವಾಚು ತೋರಿಸಿದಾಗ ಅದು ಪ್ರಯೋಗ ಮಾತ್ರ. 2020ರಲ್ಲಿ ಮಾರಾಟಕ್ಕೆ ಬಂತು. ಅದೇ ವರ್ಷ ಜಿನೀವಾದ ವಾಚು ಪ್ರಶಸ್ತಿಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ ಚಿನ್ನದ ಮುಳ್ಳು ಇದಕ್ಕೇ ಸಿಕ್ಕಿತು. ಹೊಗಳುವವರು ಇದನ್ನು ಕೈಗಡಿಯಾರದ ಚಂದ್ರಯಾನ ಅಂತ ಕರೆದರು. ಒಪ್ಪದವರ ವಾದವೂ ಗಟ್ಟಿಯೇ. ಕೋಟಿಗಳ ಲೆಕ್ಕದಲ್ಲಿ ಹಣ ಕೊಟ್ಟು ಕೊಂಡ ವಾಚನ್ನು ಬಾಗಿಲಿಗೆ ತಗಲೀತು ಅಂತ ಹೆದರಿ ಕೈ ಎತ್ತಿಕೊಂಡು ಓಡಾಡಬೇಕಾ? ಸಮಯ ನೋಡಲು ಕಣ್ಣು ಕಿರಿದು ಮಾಡಬೇಕಾ? ನನಗೆ ಪರಿಚಯದ ಒಬ್ಬರು ಇದನ್ನು ಮದುವೆ ಪತ್ರಿಕೆಗೆ ಹೋಲಿಸಿದರು. ನೋಡಲು ಚೆಂದ, ಒಂದು ಸಲ ನೋಡಿ ಎತ್ತಿಡಬೇಕು.

ಆಮೇಲೆ ಶುರುವಾಯಿತು ಓಟ. 2022ರ ಮಾರ್ಚಿನಲ್ಲಿ ಬುಲ್ಗಾರಿಯವರು 1.80 ಮಿ.ಮೀ. ಮಾಡಿದರು. ನಾಲ್ಕು ತಿಂಗಳಿಗೆ ರಿಷಾರ್ ಮಿಲ್ ಕಂಪನಿ ಫೆರಾರಿ ಹೆಸರು ಹಾಕಿ 1.75 ಮಾಡಿತು. ಬೆಲೆ ಹತ್ತಿರ ಹತ್ತಿರ 19 ಲಕ್ಷ ಡಾಲರ್. ನೋಡಲು ವಾಚಿಗಿಂತ ಹಳೇ ಕ್ಯಾಲ್ಕುಲೇಟರಿನ ಮುಚ್ಚಳದ ಹಾಗಿದೆ. 2024ರಲ್ಲಿ ಬುಲ್ಗಾರಿ ಮತ್ತೆ ಬಂದು 1.70. ಅದೇ ವರ್ಷ ರಷ್ಯಾದ ಕಾನ್ಸ್ಟಂಟಿನ್ ಚಾಯ್ಕಿನ್ 1.65. ಪಿಯಾಜೆ ತನ್ನ 150ನೇ ವರ್ಷಕ್ಕೆ ಅದೇ 2 ಮಿ.ಮೀ. ಒಳಗೆ ಟೂರ್ಬಿಯಾನ್, ಅಂದರೆ ಬ್ಯಾಲೆನ್ಸ್ ಚಕ್ರವನ್ನು ಹೊತ್ತು ಸುತ್ತುವ ಪುಟ್ಟ ಪಂಜರ, ತಿರುಗಿಸಿ ತೋರಿಸಿತು. ಮರುವರ್ಷ ಬುಲ್ಗಾರಿ 1.85ರಲ್ಲಿ ಟೂರ್ಬಿಯಾನ್ ಮಾಡಿ ಅದನ್ನೂ ಹಿಂದೆ ಹಾಕಿತು.

1.80ಕ್ಕೂ 1.75ಕ್ಕೂ ಇರುವ ವ್ಯತ್ಯಾಸ 0.05 ಮಿ.ಮೀ. ನಿಮ್ಮ ತಲೆಯ ಒಂದು ಕೂದಲು ಕಿತ್ತು ಅಳೆದರೆ ಸುಮಾರು 0.07 ಬರುತ್ತದೆ. ಒಂದು ಕೂದಲಿನ ದಪ್ಪಕ್ಕೂ ಕಡಿಮೆ ಅಂತರದಲ್ಲಿ ಗೆಲುವು ಸೋಲು! ನಮ್ಮ ಟೂಲ್ ರೂಮಿನಲ್ಲಿ 0.05 ಅಂದರೆ ದೊಡ್ಡ ತಪ್ಪು, ಕೆಲಸ ವಾಪಸ್ ಬರುತ್ತದೆ. ಆದರೆ ಕಟ್ಟಿಕೊಳ್ಳುವ ಕೈಗೆ 0.05 ಗೊತ್ತಾಗುತ್ತದಾ? ಇಲ್ಲ. ಈ ಓಟವನ್ನು ನಾನು ಕ್ರಿಕೆಟ್ ಸ್ಕೋರಿನ ಹಾಗೆ ಕೇಳಿಸಿಕೊಳ್ಳುತ್ತೇನೆ, ಅಷ್ಟೆ. ನನ್ನ ಪ್ರಶ್ನೆ ಹಾಕಿದರೆ ಇಲ್ಲಿ ಯಾರ ಹತ್ತಿರವೂ ಉತ್ತರ ಇಲ್ಲ. ಉಳಿಸಿದ ಜಾಗದಲ್ಲಿ ಏನೂ ಇಟ್ಟಿಲ್ಲ. ಜಾಗ ಉಳಿಸಿದ್ದೇ ಕೆಲಸ.

ಇಂಥ ಓಟ ಹಿಂದೆಯೂ ನಡೆದಿತ್ತು, ಮತ್ತು ಅದರಿಂದ ಒಂದು ವಿಚಿತ್ರ ಲಾಭವಾಯಿತು. ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ, ಸಹಿಸಿಕೊಳ್ಳಿ. 1976ರಲ್ಲಿ ಜಾನ್ ಲಸಾಲ್ ಎಂಬ ಹೆಸರಿನಲ್ಲಿ 1.2 ಮಿ.ಮೀ. ದಪ್ಪದ ಕೀ ಮಷಿನ್ ಬಂತು. ಮಷಿನ್ ಅಂದರೆ ಕೇಸು, ಗಾಜು ಬಿಟ್ಟು ಒಳಗಿನ ಯಂತ್ರ ಮಾತ್ರ. ಬ್ರಿಜ್‌ಗಳನ್ನೇ ತೆಗೆದು ಚಕ್ರಗಳನ್ನು ಒಂದೇ ಕಡೆಯಿಂದ ಪುಟ್ಟ ಬಾಲ್ ಬೇರಿಂಗ್ ಮೇಲೆ ನಿಲ್ಲಿಸಿದ್ದರು. ಪಿಯಾಜೆಯೂ ಅದನ್ನು 20ಪಿ ಹೆಸರಿನಲ್ಲಿ ಬಳಸಿತು. ರಿಪೇರಿಯವರಿಗೆ ಅದೊಂದು ಕಾಟ. ಮೂರು ವರ್ಷದ ಮೇಲೆ ಸೆಲ್ ವಾಚಿನವರು ಅಖಾಡಕ್ಕೆ ಇಳಿದರು. ಕಾನ್‌ಕಾರ್ಡ್ ಕಂಪನಿಯ ಡೆಲಿರಿಯಂ ಎಂಬ ಚಿನ್ನದ ವಾಚು 1.98 ಮಿ.ಮೀ. ಅದರಲ್ಲೂ ಹಿಂದಿನ ಮುಚ್ಚಳವೇ ತಳದ ತಟ್ಟೆ. ಶ್ರೀಮಂತರ ಆಟಿಕೆ. ಆದರೆ ಅದನ್ನು ಮಾಡಿಕೊಟ್ಟ ಈಟಿಎ ಕಾರ್ಖಾನೆಯಲ್ಲಿ ಎಲ್ಮಾರ್ ಮಾಕ್, ಜಾಕ್ ಮ್ಯುಲರ್ ಎಂಬ ಇಬ್ಬರು ಎಂಜಿನಿಯರುಗಳು ಅದೇ ಉಪಾಯವನ್ನು ಪ್ಲಾಸ್ಟಿಕ್‌ನಲ್ಲಿ ಹಾಕಿದರು. ಬಿಡಿಭಾಗಗಳು 51ಕ್ಕೆ ಇಳಿದವು. 1983ರಲ್ಲಿ ಅದು ಸ್ವಾಚ್ ಅಂತ ಹೊರಬಂತು, ಮುಳುಗುತ್ತಿದ್ದ ಸ್ವಿಸ್ ವಾಚು ಉದ್ಯಮವನ್ನು ಎತ್ತಿ ನಿಲ್ಲಿಸಿತು. ಅಂದರೆ ಅತಿ ದುಬಾರಿ ವಾಚಿನ ಬುದ್ಧಿ ಅತಿ ಅಗ್ಗದ ವಾಚಿಗೆ ಹೋಯಿತು. ಹಾಗಾಗಿ ಇವತ್ತಿನ ಓಟವನ್ನೂ ಪೂರ್ತಿ ದಂಡ ಅನ್ನಲು ನನಗೆ ಧೈರ್ಯವಿಲ್ಲ.

ಜಾಗ ಉಳಿಸಿ ಅದನ್ನು ಚೆನ್ನಾಗಿ ಬಳಸುವುದು ಹೇಗೆ ಅಂತ ತೋರಿಸಿದ್ದೂ ಇದೇ ಪಿಯಾಜೆ. 1874ರಲ್ಲಿ ಸ್ವಿಟ್ಜರ್ಲೆಂಡಿನ ಲಾ ಕೋಟ್ ಒ ಫೇ ಎಂಬ ಗುಡ್ಡಗಾಡಿನ ಹಳ್ಳಿಯಲ್ಲಿ ಶುರುವಾದ ಮನೆ. ಬಹಳ ಕಾಲ ಬೇರೆಯವರಿಗೆ ಮಷಿನ್ ಮಾಡಿ ಕೊಡುವುದೇ ಕಸುಬು. 1957ರಲ್ಲಿ 9ಪಿ ಎಂಬ ಕೀ ಮಷಿನ್ ಮಾಡಿದರು, 2 ಮಿ.ಮೀ. ಈಗಿನ ಪೂರ್ತಿ ವಾಚಿನಷ್ಟು ದಪ್ಪ. 1960ರಲ್ಲಿ 12ಪಿ ಎಂಬ ಆಟೊಮ್ಯಾಟಿಕ್, 2.3 ಮಿ.ಮೀ. ಆಟೊಮ್ಯಾಟಿಕ್ ಅಂದರೆ ಕೈ ಆಡಿಸಿದಾಗ ತಿರುಗುವ ರೋಟರ್ ಬೇಕು. ಅದು ಸಾಮಾನ್ಯವಾಗಿ ಮಷಿನ್ ಮೇಲೆ ಇನ್ನೊಂದು ಮಹಡಿ. ಇವರು ಚಿಕ್ಕ ರೋಟರ್ ಮಾಡಿ ಚಕ್ರಗಳ ಪಕ್ಕದಲ್ಲೇ ಕೂರಿಸಿದರು. ಚಿಕ್ಕದಾದರೂ ತೂಕ ಬೇಕಲ್ಲ, ಅದಕ್ಕೆ 24 ಕ್ಯಾರಟ್ ಚಿನ್ನ.

ಆ ಉಳಿದ ಜಾಗದಲ್ಲಿ ಅವರು ಕಲ್ಲು ಇಟ್ಟರು. ನಿಜವಾದ ಕಲ್ಲು. ಲಾಪಿಸ್, ಹುಲಿಗಣ್ಣು, ಮಲಕೈಟ್ ಹೀಗೆ ಬಣ್ಣದ ಕಲ್ಲುಗಳನ್ನು ಸೀಳಿ ಡಯಲ್ ಮಾಡಿದರು. ಕಲ್ಲಿನ ಬಿಲ್ಲೆಗೆ ದಪ್ಪ ಬೇಕು, ಇಲ್ಲದಿದ್ದರೆ ಒಡೆಯುತ್ತದೆ. ಮಷಿನ್ ತೆಳುವಾಗಿದ್ದಕ್ಕೇ ಅದು ಸಾಧ್ಯವಾಯಿತು. ಇನ್ನೊಂದು ಆಟ ಆಡಿದರು. ಅಮೆರಿಕದ 20 ಡಾಲರಿನ ಚಿನ್ನದ ನಾಣ್ಯವನ್ನು ಸೀಳಿ ಒಳಗೆ ವಾಚು ಬಚ್ಚಿಟ್ಟರು. ಹೊರಗಿನಿಂದ ನಾಣ್ಯ, ತೆರೆದರೆ ಗಡಿಯಾರ. ಹಳೇ ಪಿಯಾಜೆಗಳನ್ನು ಹುಡುಕಿ ಕೊಳ್ಳುವವರು ಇವತ್ತಿಗೂ ಹೋಗುವುದು ಇವುಗಳ ಹಿಂದೆ. ದಪ್ಪ ಎಷ್ಟು ಅಂತ ಯಾರೂ ಕೇಳುವುದಿಲ್ಲ.

ದಾಖಲೆಯ ಹಂಗಿಲ್ಲದ ಮಾಮೂಲಿ ಆಲ್ಟಿಪ್ಲಾನೊ ಬಗ್ಗೆ ಎರಡೇ ಮಾತು. ಎರಡು ಮುಳ್ಳು, ಸಣ್ಣ ಗೆರೆಗಳು, ತೊಗಲಿನ ಬೆಲ್ಟು. ಸಪ್ಪೆ ಅನ್ನುವವರು ಜಾಸ್ತಿ. ನನಗೆ ಅದು ಮೊಸರನ್ನದ ಹಾಗೆ, ದಿನವೂ ಆಗುತ್ತದೆ.

ತೆಳು ವಾಚಿನ ಮಾತು ಬಂದಾಗ ನಾವು ಸ್ವಿಟ್ಜರ್ಲೆಂಡ್ ಕಡೆಗೇ ನೋಡುತ್ತೇವೆ. ಈ ಊರಿಗೂ ಅದರಲ್ಲಿ ಪಾಲಿದೆ. ಜಾಲಹಳ್ಳಿಯಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಜತೆ ಸೇರಿ ಎಚ್‌ಎಂಟಿ ವಾಚು ಮಾಡಲು ಶುರು ಮಾಡಿತು. ಅವರ ಸೋನಾ ಎಂಬ ತೆಳು ಕೀ ವಾಚು ನಿಮ್ಮಲ್ಲಿ ಎಷ್ಟು ಜನರ ಮನೆಯ ಬೀರುವಿನಲ್ಲಿದೆ, ಕೈ ಎತ್ತಿ. ನೋಡಿ, ಅರ್ಧ ಸಭೆ! ಇನ್ನೊಂದು ಟೈಟನ್ ಎಡ್ಜ್. 2002ರಲ್ಲಿ ಬಂತು, ಹೊಸೂರಿನ ಕಾರ್ಖಾನೆಯದು. ಪೂರ್ತಿ ವಾಚು 3.5 ಮಿ.ಮೀ., ಒಳಗಿನ ಸೆಲ್ ಮಷಿನ್ 1.15. ಅದರಲ್ಲಿ 30 ಮೀಟರಿನ ನೀರು ತಡೆ ಇತ್ತು. ಗಾಜು ಬಾಗದೆ, ಮುಳ್ಳು ತಗಲದೆ ನೀರು ತಡೆಯುವುದು ಎಷ್ಟು ಕಷ್ಟ ಅಂತ ಈಗ ನಿಮಗೂ ಗೊತ್ತಾಯಿತಲ್ಲ. ಸಂಬಳದ ಮನುಷ್ಯ ಕೊಳ್ಳಬಹುದಾದ ಬೆಲೆಗೆ ಅದನ್ನು ಮಾಡಿದರು. ಸೆಲ್ ವಾಚು ಅಂತ ಮೂಗು ಮುರಿಯುವವರ ಮುಂದೆ ನಾನು ಈ ಉದಾಹರಣೆ ಇಡುತ್ತೇನೆ.

ಈಗ ಪೋಲೋ. ಜಗಳದ ಬಿಸಿ ಇರುವುದು ಇಲ್ಲಿ.

ಸ್ಪೋರ್ಟ್ಸ್ ವಾಚು ಅಂದರೆ ದಪ್ಪ, ತೆಳು ವಾಚು ಅಂದರೆ ಕೋಟು ಹಾಕಿದಾಗ ಕಟ್ಟುವುದು ಅಂತ ನಮ್ಮ ತಲೆಯಲ್ಲಿ ಕೂತಿದೆ. ಇತಿಹಾಸ ಬೇರೆಯೇ ಹೇಳುತ್ತದೆ. 1972ರಲ್ಲಿ ಜೆರಾಲ್ಡ್ ಜೆಂಟಾ ವಿನ್ಯಾಸ ಮಾಡಿದ ಓಡಮಾರ್ ಪಿಗೆಯ ರಾಯಲ್ ಓಕ್ ಬಂತು. ಸ್ಟೀಲು, ಚೈನು ಕೇಸಿಗೇ ಬೆಸೆದ ಹಾಗೆ. ಒಳಗಿದ್ದ ಮಷಿನ್ 3.05 ಮಿ.ಮೀ.ನ ತೆಳು ಆಟೊಮ್ಯಾಟಿಕ್, ಜೇಜರ್ ಲಕೂಲ್ತ್ರದವರು ಮಾಡಿದ್ದು. 1976ರ ಪಾಟೆಕ್ ನಾಟಿಲಸ್ ಒಳಗೂ ಅದರದೇ ಒಂದು ರೂಪ. 1977ರ ವಾಶೆರೋನ್ 222 ಒಳಗೂ ಅದೇ. ಇವತ್ತು ಜನ ಮುಗಿಬೀಳುವ ಮೂರು ಸ್ಪೋರ್ಟ್ಸ್ ವಾಚುಗಳ ಹೊಟ್ಟೆಯಲ್ಲಿ ಆಗ ಇದ್ದದ್ದು ಒಂದೇ ತೆಳು ಮಷಿನ್! ತೆಳುವಾಗಿದ್ದಕ್ಕೇ ಅವು ಅಷ್ಟು ಅಗಲವಾಗಿದ್ದರೂ ಕೈ ಮೇಲೆ ಹಲಗೆ ಇಟ್ಟ ಹಾಗೆ ಅನಿಸುವುದಿಲ್ಲ.

1979ರಲ್ಲಿ ಪಿಯಾಜೆ ಪೋಲೋ ಬಂತು. ಪಿಯಾಜೆಯವರು ಸ್ಟೀಲಿನ ತಂಟೆಗೆ ಹೋಗಲಿಲ್ಲ. ಪೂರ್ತಿ ಚಿನ್ನ. ಚೈನಿನ ಮೇಲೆ ಅಡ್ಡ ಅಡ್ಡ ದಿಂಡುಗಳು, ಅವೇ ದಿಂಡುಗಳು ಕೇಸಿನ ಮೇಲೆ, ಡಯಲ್ ಮೇಲೆ ಕೂಡ. ಎಲ್ಲಿ ಬಳೆ ಮುಗಿದು ಎಲ್ಲಿ ವಾಚು ಶುರುವಾಯಿತು ಅಂತ ಗೊತ್ತಾಗದ ಹಾಗೆ. ಒಳಗೆ 7ಪಿ ಎಂಬ ಸೆಲ್ ಮಷಿನ್. ಆಗ ಸೆಲ್ ವಾಚು ಅಂದರೆ ಹೊಸ ಕಾಲದ ಠೀವಿ.

ಪೋಲೋ ಆಟಕ್ಕೂ ಇದಕ್ಕೂ ಹೆಸರಿನದ್ದಷ್ಟೇ ನಂಟು ಅಂತ ನಗುವವರಿದ್ದಾರೆ. ನಿಜವಾಗಿ ಪೋಲೋ ಆಟಕ್ಕೆ ಅಂತ ಹುಟ್ಟಿದ ವಾಚು ಬೇರೆ. ಅದರ ಬೇರು ನಮ್ಮ ದೇಶದಲ್ಲೇ ಇದೆ. ಇಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಪೋಲೋ ಆಡುವಾಗ ಗಾಜು ಒಡೆದುಕೊಳ್ಳುತ್ತಿದ್ದರಂತೆ. ಅದಕ್ಕೆ ಪರಿಹಾರವಾಗಿ 1931ರಲ್ಲಿ ಬಂದದ್ದು ರಿವರ್ಸೊ. ಮುಖ ತಿರುಗಿಸಿ ಬೆನ್ನು ಮೇಲೆ ಮಾಡಿಕೊಳ್ಳುವ ವಾಚು. ಅದರ ಹೆಸರಲ್ಲಿ ಪೋಲೋ ಇಲ್ಲ. ಹೆಸರಲ್ಲಿ ಪೋಲೋ ಇರುವುದನ್ನು ಯಾರೂ ಕುದುರೆ ಮೇಲೆ ಕಟ್ಟುವುದಿಲ್ಲ, ಅಷ್ಟು ಚಿನ್ನ ಕಟ್ಟಿಕೊಂಡರೆ ಗಮನವೆಲ್ಲ ಚೆಂಡಿನ ಬದಲು ಕೈ ಮೇಲೇ ಇದ್ದೀತು.

2016ರಲ್ಲಿ ಪೋಲೋ ಎಸ್ ಬಂತು. ಸ್ಟೀಲು, 42 ಮಿ.ಮೀ., ನೀಲಿ ಡಯಲ್ ಮೇಲೆ ಅಡ್ಡ ಗೆರೆ. ಬೈಗುಳದ ಮಳೆ. ನಾಟಿಲಸ್ ಸಿಗದವರಿಗೆ ಇದೊಂದು ಸಮಾಧಾನ ಬಹುಮಾನ ಅಂದರು. ಅದರ ಕಾಪಿ ಅಂತಲೂ ಅಂದರು. ಕಾಪಿ ಅನ್ನುವ ಮಾತನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ಗುಂಡು ಕೇಸಿನೊಳಗೆ ಮೂಲೆ ಮೊಂಡಾದ ಚೌಕ ಡಯಲ್ ಇಡುವುದು ಪಿಯಾಜೆಗೆ ಹೊಸದಲ್ಲ. ನನ್ನ ತಕರಾರು ಬೇರೆ. ಅದರ ದಪ್ಪ 9.4 ಮಿ.ಮೀ. ಬೇರೆ ಯಾರಾದರೂ ಮಾಡಿದ್ದರೆ ತೆಳುವೇ ಅನ್ನುತ್ತಿದ್ದೆವು. 2.3 ಮಿ.ಮೀ.ನ ಆಟೊಮ್ಯಾಟಿಕ್ ಮಷಿನ್‌ಗಳನ್ನು ಕಪಾಟಿನಲ್ಲಿ ಇಟ್ಟುಕೊಂಡ ಮನೆಯವರು, ಎಲ್ಲರಿಗೂ ಕೈಗೆಟುಕಲಿ ಅಂತ ಮಾಡಿದ ವಾಚಿಗೆ ತಮ್ಮ ಕೈರುಚಿಯನ್ನೇ ಹಾಕಲಿಲ್ಲ. ಉಡುಪಿ ಹೋಟೆಲಿಗೆ ಹೋಗಿ ನೂಡಲ್ಸ್ ತಿಂದ ಹಾಗಾಯಿತು. 2021ರಲ್ಲಿ ಪೋಲೋ ಸ್ಕೆಲಿಟನ್, ಅಂದರೆ ಒಳಗಿನ ಚಕ್ರಗಳು ಕಾಣುವ ಹಾಗೆ ಕೊರೆದ ಪೋಲೋ, ಬಂದಾಗ ದಪ್ಪ 6.5ಕ್ಕೆ ಇಳಿಯಿತು. ಬೈದಿದ್ದ ಕೆಲವರು ಅವತ್ತು ಮೆತ್ತಗಾದರು.

2024ರಲ್ಲಿ ಕಂಪನಿಗೆ 150 ವರ್ಷ. ಆಗ 1979ರ ಚಿನ್ನದ ಪೋಲೋವನ್ನೇ ಮತ್ತೆ ತಂದರು, ಪೋಲೋ 79 ಅಂತ. 38 ಮಿ.ಮೀ. ಅಗಲ, 7.45 ಮಿ.ಮೀ. ದಪ್ಪ. ಒಳಗೆ ಸೆಲ್ಲಿನ ಬದಲು 2.35 ಮಿ.ಮೀ.ನ ಚಿಕ್ಕ ರೋಟರಿನ ಆಟೊಮ್ಯಾಟಿಕ್. ಬೆಲೆ ಸುಮಾರು 73 ಸಾವಿರ ಡಾಲರ್, ಆಗಿನ ಲೆಕ್ಕಕ್ಕೆ 60 ಲಕ್ಷ ರೂಪಾಯಿ ದಾಟುತ್ತಿತ್ತು.

ಇದನ್ನು ನಾನು ಕೈಗೆ ಕಟ್ಟಿ ನೋಡಿದ್ದೇನೆ. ದುಬೈನಲ್ಲಿ ನನ್ನ ತಂಗಿ ಇದ್ದಾಳೆ. ಅವಳ ಮನೆಗೆ ಹೋದಾಗ ಒಂದು ಅಂಗಡಿಗೆ ಕರೆದುಕೊಂಡು ಹೋದಳು. ನನ್ನ ಚಪ್ಪಲಿ ನೋಡಿಯೂ ಅಲ್ಲಿನ ಹುಡುಗ ಮರ್ಯಾದೆಯಿಂದ ತಟ್ಟೆ ತಂದಿಟ್ಟ. ಕೈಗೆ ಹಾಕಿದ ಕೂಡಲೇ ಗೊತ್ತಾಗುವುದು ತಂಪು. ಆಮೇಲೆ ತೂಕ. ಚೈನಿನ ತುಂಡುಗಳು ಎಷ್ಟು ಹತ್ತಿರ ಕೂತಿವೆ ಅಂದರೆ ಕೈ ಆಡಿಸಿದರೆ ಬಟ್ಟೆಯ ಹಾಗೆ ಹರಿಯುತ್ತದೆ. ಉಜ್ಜಿ ಮಂಕು ಮಾಡಿದ ಅಗಲ ಪಟ್ಟಿ, ನಡುನಡುವೆ ಹೊಳೆಯುವ ದಿಂಡು. ದಿಂಡಿನ ಅಂಚಿಗೆ ಉಗುರು ಎಳೆದು ನೋಡಿದೆ, ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ನಾನು ಮಾಡುವುದು ನೋಡಿ ತಂಗಿ ನಾಚಿಕೊಂಡಳು. ಅಂಗಿ ತೋಳು ಎಳೆದೆ. ಸಲೀಸಾಗಿ ಮುಚ್ಚಿಕೊಂಡಿತು. ಇಷ್ಟು ಚಿನ್ನ ಇದ್ದೂ ತೋಳಿನೊಳಗೆ ಹೋಗುತ್ತದೆ ಅಂದರೆ ಅದು ಒಳಗಿನ ಮಷಿನಿನ ಪುಣ್ಯ. ಮಷಿನ್ ಮೂರು ಮಿ.ಮೀ. ದಪ್ಪ ಜಾಸ್ತಿ ಇದ್ದಿದ್ದರೆ ಅಷ್ಟೆತ್ತರಕ್ಕೂ ಚಿನ್ನದ ಗೋಡೆ ಕಟ್ಟಬೇಕಿತ್ತು. ಕೈಗೆ ಬೇಡಿ ಹಾಕಿದ ಹಾಗೆ ಆಗುತ್ತಿತ್ತು. ನನ್ನ ಪ್ರಶ್ನೆಗೆ ಉತ್ತರ ಇಲ್ಲಿ ಸಿಕ್ಕಿತು. ಹಿಂದೆ ಕಲ್ಲು ಕೂತಿದ್ದ ಜಾಗದಲ್ಲಿ ಈಗ ಚಿನ್ನ ಕೂತಿದೆ, ಆದರೂ ಕೈ ದಣಿಯುವುದಿಲ್ಲ.

ಪೋಲೋ 79 ಬಗ್ಗೆ ವಾಚು ಪ್ರಿಯರ ಮಾತು ಮೂರು ದಾರಿ ಹಿಡಿದಿದೆ. ಕೊನೆಗೂ ಪಿಯಾಜೆ ಪಿಯಾಜೆಯ ಹಾಗೆ ಕಾಣುತ್ತಿದೆ ಅನ್ನುವವರು ಒಂದು ಕಡೆ. ಜಿನೀವಾ ಪ್ರಶಸ್ತಿಯವರೂ ಅದೇ ಗುಂಪು, ಅದೇ ವರ್ಷ ಇದಕ್ಕೆ ಬಹುಮಾನ ಕೊಟ್ಟರು. ಮದುವೆ ಮನೆ ವಾಚು, ಬೀಗರ ವಾಚು ಅಂತ ಆಡಿಕೊಳ್ಳುವವರು ಇನ್ನೊಂದು ಕಡೆ. ವಾಶೆರೋನ್ 2022ರಲ್ಲಿ 222 ವಾಚನ್ನು ಚಿನ್ನದಲ್ಲಿ ಮತ್ತೆ ತಂದು ಗೆದ್ದಿತು, ಅದನ್ನು ನೋಡಿ ಇವರೂ ತಂದರು ಅಂತ ಅವರ ಅನುಮಾನ. ಇರಬಹುದು. ಮೂರನೆಯವರು ಕಡಿಮೆ ಜನ, ಆದರೆ ಅವರ ವಾದ ನನಗೆ ಮಜಾ ಅನಿಸುತ್ತದೆ. 1979ರದ್ದರಲ್ಲಿ ಸೆಲ್ಲಿತ್ತು, ಅದೇ ಅದರ ಗತ್ತು, ಈಗ ಆಟೊಮ್ಯಾಟಿಕ್ ಹಾಕಿ ಹಿಂದೆ ಗಾಜು ಬೇರೆ ಹಾಕಿದ್ದೀರಿ, ಇದು ನಕಲಿ ನೆನಪು ಅನ್ನುತ್ತಾರೆ. ಮಾತಿಗೆ ಸರಿ. ಆದರೆ 60 ಲಕ್ಷ ಕೊಟ್ಟ ಮೇಲೆ ಸೆಲ್ ಬದಲಾಯಿಸಲು ಹೋಗಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ.

50 ಮೀಟರ್ ನೀರು ತಡೆ ಸ್ಪೋರ್ಟ್ಸ್ ವಾಚಿಗೆ ಸಾಕಾ ಅಂತ ಬರುವ ಮುಂಚೆ ಒಬ್ಬರು ಕೇಳಿದರು. 50 ಮೀಟರ್ ಅಂತ ಬರೆದಿದೆ ಅಂತ 50 ಮೀಟರ್ ಆಳಕ್ಕೆ ಧುಮುಕುವ ಹಾಗಿಲ್ಲ. ಅದು ನಿಂತ ನೀರಿನ ಒತ್ತಡದ ಲೆಕ್ಕ. ಕೈ ತೊಳೆಯಬಹುದು, ಮಳೆಗೆ ಹೆದರಬೇಕಿಲ್ಲ. ಚಿನ್ನದ ವಾಚಿಗೆ ಇಷ್ಟು ಸಾಕು.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ತೆಳುತನ, ಸ್ಪೋರ್ಟ್ಸ್ ಎರಡನ್ನೂ ಒಂದೇ ವಾಚಿನಲ್ಲಿ ಸೇರಿಸಿ, ಚಿನ್ನದ ಹಂಗಿಲ್ಲದೆ ಗೆದ್ದವರು ಬುಲ್ಗಾರಿ. 2017ರ ಅವರ ಒಕ್ಟೊ ಫಿನಿಸ್ಸಿಮೊ ಟೈಟಾನಿಯಂನಲ್ಲಿ, ಆಟೊಮ್ಯಾಟಿಕ್, 5.15 ಮಿ.ಮೀ. ಕೈಗೆ ಹಾಕಿದರೆ ಕಾಗದದ ಬಳೆ. ಆಮೇಲೆ ಸ್ಟೀಲಿನಲ್ಲಿ 100 ಮೀಟರ್ ನೀರು ತಡೆಯನ್ನೂ ತಂದರು. ಈ ಓಟದ ದಾರಿ ತೆಗೆದಿದ್ದು ಪಿಯಾಜೆ, ಅದರಲ್ಲಿ ದಿನನಿತ್ಯ ಓಡಾಡಿದ್ದು ಬುಲ್ಗಾರಿ. ನಮ್ಮ ಗುಂಪಿನ ಒಬ್ಬ ಪಿಯಾಜೆ ಭಕ್ತರಿಗೆ ಈ ಮಾತು ಹೇಳಿದಾಗ ಎರಡು ವಾರ ಫೋನ್ ಎತ್ತಲಿಲ್ಲ. ಅವರು ಇವತ್ತು ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ, ಅಂದರೆ ಕೋಪ ಇಳಿದಿದೆ.

ದುಡ್ಡಿದ್ದರೆ ಯಾವುದು ಕೊಳ್ಳುತ್ತೀರಿ ಅಂತ ಹಿಂದಿನ ಸಾಲಿನಿಂದ ಚೀಟಿ ಬಂದಿದೆ. ಪೋಲೋ 79 ಬೇಡ, ನಮ್ಮ ಬೀದಿಯಲ್ಲಿ ಅದನ್ನು ಕಟ್ಟಿಕೊಂಡು ತರಕಾರಿ ತರಲು ಆಗುವುದಿಲ್ಲ. 2 ಮಿ.ಮೀ. ಅಂತೂ ಬೇಡವೇ ಬೇಡ, ನನ್ನ ಕನ್ನಡಕದ ನಂಬರಿಗೆ ಅದರ ಡಯಲ್ ಕಾಣುವುದಿಲ್ಲ. ಹುಲಿಗಣ್ಣಿನ ಡಯಲ್ ಇರುವ, 9ಪಿ ಮಷಿನ್ ಇರುವ ಒಂದು ಹಳೇ ಪಿಯಾಜೆ ಸಾಕು. ಅಲ್ಲಿಯವರೆಗೆ ಅಪ್ಪನ ವಾಚು ಇದೆ. ಅದಕ್ಕೆ ನಾನೇ ಗಾಜಿನ ಕೆಳಗೆ ಒಂದು ತೆಳು ರಿಂಗ್ ಮಾಡಿ ಕೂರಿಸಿದ್ದೇನೆ, 0.15 ಮಿ.ಮೀ. ಈಗ ಎಷ್ಟು ಒತ್ತಿದರೂ ನಿಲ್ಲುವುದಿಲ್ಲ.

ಆ ಮೂರು ಕಾರ್ಡು ಈಗ ಯಾರ ಹತ್ತಿರ ಇದೆ? ಹಾಗೇ ಮುಂದಕ್ಕೆ ದಾಟಿಸಿ. ಅದರಲ್ಲಿ ಒಂದು ನನ್ನ ಹೆಂಡತಿಯದು, ಹೇಳದೆ ತಂದಿದ್ದೇನೆ.